ಆಫೀಸ್ ಪ್ಲಾನಿನ ಕಿಟಕಿ

ಕೆಸರೆ, ಮೈಸೂರು
11 ಆಗಸ್ಟ್ 2025, ಸೋಮವಾರ

ಬೀರೇಶ್ ಅವರಿಗೆ,

ನಮಸ್ಕಾರ. ಮೊದಲು ‘ರೀ’ ಎಂದು ಬರೆದೆ. ಇಷ್ಟು ತಿಂಗಳು ಬಾಯಿಗೆ ಬಾರದಿದ್ದ ಮಾತು ಕಾಗದದ ಮೇಲೂ ಒಪ್ಪಲಿಲ್ಲ. ಹಾಳೆ ಹರಿದು ಹೊಸದು ತೆಗೆದುಕೊಂಡೆ. ಗಂಡನನ್ನು ಹೆಸರು ಹಿಡಿದು ಕರೆದು ಬರೆಯುತ್ತಿದ್ದೇನೆ ಎಂದು ಗೊತ್ತಾದರೆ ಅತ್ತೆ ಬೈಯುತ್ತಾರೆ. ಅವರು ಇಲ್ಲೇ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಇದ್ದಂತೆಯೇ ಇದೆ. ಸುಷ್ಮಿತಾ ಕಾಲೇಜಿಗೆ ಹೋಗುತ್ತಿದ್ದಾಳೆ. ಇದೆಲ್ಲ ನಿಮಗೆ ಗೊತ್ತಿರುವುದೇ. ತಾಯಿ ಜೊತೆಗೂ ಮಗಳ ಜೊತೆಗೂ ದಿನಾ ಫೋನಿನಲ್ಲಿ ಮಾತಾಡುತ್ತೀರಿ. ನನ್ನ ಸುದ್ದಿ ಬಂದ ಕೂಡಲೇ ‘ಸೈಟಲ್ಲಿದ್ದೀನಿ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀರಂತೆ. ಅದಕ್ಕೇ ಈ ಕಾಗದ. ಮೇಸ್ತ್ರಿ ಚಿಕ್ಕಯ್ಯನಿಗೆ ಇಲ್ಲಿಯ ಕೆಲಸ ಮುಗಿಯಿತು, ನಾಳೆ ಕೊಳ್ಳೇಗಾಲಕ್ಕೆ ನಿಮ್ಮ ಹತ್ತಿರ ಬರುತ್ತಾನೆ. ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನ್ ಇಟ್ಟಂತೆ ಮೇಸ್ತ್ರಿಯನ್ನು ಇಟ್ಟುಬಿಡಲು ಆಗುವುದಿಲ್ಲವಲ್ಲ.

ಸುದ್ದಿ ಮೊದಲು, ವಿವರ ಆಮೇಲೆ. ವಿದ್ಯಾರಣ್ಯಪುರಂನಲ್ಲಿ ಪೇಪರ್ ಏಜೆನ್ಸಿ ನಡೆಸುತ್ತಿದ್ದವರ ಮಗಳು ನಾನು, ನನಗೆ ಹಾಗೆ ಬರೆದೇ ಅಭ್ಯಾಸ. ಸುದ್ದಿ ಇಷ್ಟು: ನಮ್ಮ ಮನೆಗೆ ಪಾಲಿಕೆಯ ಕಂಪ್ಲೀಷನ್ ಸರ್ಟಿಫಿಕೇಟ್ ಬಂತು. ಶುಕ್ರವಾರ ಕೈಗೆ ಸಿಕ್ಕಿತು. ಶನಿವಾರ ಕರೆಂಟಿನವರು ಬಂದು ಖಾಯಂ ಮೀಟರ್ ಕೂರಿಸಿ ಹೋದರು. ಜೆರಾಕ್ಸ್ ಪ್ರತಿ ಇದರ ಜೊತೆಗಿದೆ. ಅದರಲ್ಲಿ ಕೆಳಗಿನಿಂದ ಎರಡನೆಯ ಸಾಲು ಓದಿ. ‘ಮಂಜೂರಾದ ನಕ್ಷೆಯಂತೆಯೇ ನಿರ್ಮಿಸಿರುವುದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿದೆ.’ ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಒರಿಜಿನಲ್ ದೇವರ ಗೂಡಿನಲ್ಲಿದೆ.

ಇನ್ನು ವಿವರ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಡೆದದ್ದು ನಿಮ್ಮ ಲೆಕ್ಕದಲ್ಲಿ ಒಂದು ಥರ ಇದೆ, ನನ್ನ ಲೆಕ್ಕದಲ್ಲಿ ಒಂದು ಥರ ಇದೆ. ಒಂದು ಸಲ ಪೂರ್ತಿಯಾಗಿ ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು.

ಕೆಸರೆಯ ಈ ಭಾಗದಲ್ಲಿ ಅರ್ಧ ಮನೆಗಳನ್ನು ಕಟ್ಟಿದವರು ನೀವು. ಪ್ರತಿ ಮನೆಗೂ ಎರಡು ಪ್ಲಾನ್. ಒಂದು ಆಫೀಸ್ ಪ್ಲಾನ್. ಸುತ್ತಲೂ ಜಾಗ ಬಿಟ್ಟು, ಕಿಟಕಿ ತೋರಿಸಿ, ಮಳೆನೀರು ಇಂಗುಗುಂಡಿ ತೋರಿಸಿ, ಮೂಲೆಯಲ್ಲಿ ಒಂದು ಗಿಡವನ್ನೂ ತೋರಿಸಿ ಪಾಲಿಕೆಗೆ ಕೊಡುವುದು. ಇನ್ನೊಂದು ಸೈಟ್ ಪ್ಲಾನ್. ಗೆರೆಯಿಂದ ಗೆರೆಗೆ ಗೋಡೆ ಎಬ್ಬಿಸಿ ಕಟ್ಟುವುದು. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ನೀವೂ ಅನ್ನಲಿಲ್ಲ, ಇಷ್ಟು ವರ್ಷ ನಿಮ್ಮ ಜೊತೆ ಬಾಳಿದ ನಾನೂ ಅನ್ನಲಿಲ್ಲ. ಮದುವೆಗೆ ಒಂದು ಸೀರೆ, ಮನೆಗೆ ಒಂದು ಸೀರೆ ಇಟ್ಟುಕೊಳ್ಳುವಷ್ಟೇ ಸಹಜ ಎಂದುಕೊಂಡಿದ್ದೆವು.

ಕಳೆದ ವರ್ಷ ಹಳೆಯ ಶೀಟಿನ ಮನೆ ಕೆಡವಿ ನಮ್ಮದೇ ಮನೆ ಕಟ್ಟುವ ಹೊತ್ತು ಬಂತು. ಹಿಂದಿನ ಬೀದಿಯ ಬಾಡಿಗೆ ಮನೆಗೆ ಬಂದೆವು. ಒಂದು ಸಂಜೆ ನೀವು ಎರಡೂ ಹಾಳೆಗಳನ್ನು ನಡುಮನೆಯಲ್ಲಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ತೋರಿಸಿದಿರಿ. ಆವತ್ತು ನಿಮ್ಮ ಮುಖ ನೋಡಬೇಕಿತ್ತು. ಊರಿಗೆಲ್ಲ ಕಟ್ಟಿಕೊಟ್ಟವರು ಮೊದಲ ಸಲ ತಮಗೆ ಕಟ್ಟಿಕೊಳ್ಳುತ್ತಿದ್ದಿರಿ. ಅತ್ತೆ ಬಗ್ಗಿ ನೋಡಿ, ‘ನನ್ನ ಕೋಣೆ ಯಾವುದ್ಲಾ?’ ಎಂದರು. ತೋರಿಸಿದಿರಿ. ‘ಇದಕ್ಕೆ ಕಿಟಕಿ ಎಲ್ಲಿ ಕಣೋ?’ ಎಂದರು. ನೀವು ನಗುತ್ತಾ, ‘ಕಿಟಕಿ ಆಫೀಸ್ ಪ್ಲಾನಲ್ಲಿದೆ ಕಣವ್ವ, ಇಲ್ಲಿ ನೋಡು. ಕಟ್ಟೋದು ಈ ಪ್ಲಾನು. ಇದರಲ್ಲಿ ಆ ಜಾಗಕ್ಕೆ ಒಂದು ಬಾಡಿಗೆ ರೂಮು ಬರ್ತದೆ’ ಎಂದಿರಿ. ‘ಮತ್ತೆ ಬೆಳಕು?’ ಎಂದು ಕೇಳಿದರು. ‘ಲೈಟ್ ಹಾಕ್ಕೊಳವ್ವ.’ ‘ಕರೆಂಟ್ ಓದ್ರೆ?’ ‘ಯುಪಿಎಸ್ ಹಾಕಿಸ್ತೀನಿ ಬಿಡವ್ವ.’ ಅತ್ತೆ ಪಾಲಿಕೆಯ ಸೀಲು ಬಿದ್ದ ಹಾಳೆಯ ಮೇಲೆ ಆ ಕಿಟಕಿ ಇದ್ದ ಕಡೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದರು. ನೀವು ಲೋಟಗಳನ್ನು ತೆಗೆದ ಮೇಲೆ ಎದ್ದರು.

ಹಳೆಯ ಮನೆಯಲ್ಲಿ ಅವರ ಕೋಣೆಗೆ ಕಿಟಕಿ ಇತ್ತು. ಪಕ್ಕದ ವಿಜಯ್‌ಕುಮಾರ್ ಮನೆ ಎದ್ದ ಮೇಲೆ ಅದರ ಮುಂದೆ ಒಂದು ಗೇಣು ದೂರದಲ್ಲಿ ಗೋಡೆ ಬಂತು. ಅಲ್ಲಿಂದ ಮುಂದೆ ಅವರು ಹಗಲಲ್ಲೂ ಬಲ್ಬ್ ಉರಿಸಿಕೊಂಡೇ ಎಲೆ ಅಡಿಕೆ ಹಾಕಿಕೊಂಡರು. ಆ ಗೋಡೆ ಕಟ್ಟಿದವರು ಯಾರೆಂದು ನಾನು ಬರೆಯಬೇಕಾಗಿಲ್ಲ.

ಗುದ್ದಲಿ ಪೂಜೆ ದಿನ. ನೀವು ಬೆಳಿಗ್ಗೆಯೇ ಬಂದಿರಿ, ಕಾಯಿ ಒಡೆದಿರಿ, ಮೊದಲ ಗುದ್ದಲಿ ಹಾಕಿದಿರಿ. ಕೊಳ್ಳೇಗಾಲದ ಕಲ್ಯಾಣ ಮಂಟಪದಲ್ಲಿ ಆವತ್ತೇ ಚಾವಣಿಗೆ ಕಾಂಕ್ರೀಟ್ ಹಾಕುವುದಿತ್ತು. ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಸದೆ ಜೀಪು ಹತ್ತಿದಿರಿ. ಹೋಗುವಾಗ ಚಿಕ್ಕಯ್ಯನಿಗೆ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. ‘ಅರಿಶಿನ ಬಿದ್ದ ಹಾಳೆ ನೋಡ್ಕೊಂಡು ಮಾರ್ಕಿಂಗ್ ಮಾಡು’ ಎಂದಿರಿ. ಅದು ನೀವೇ ಮಾಡಿದ ಪದ್ಧತಿ. ಒಂದು ಸಲ ಯಾವುದೋ ಮನೆಗೆ ನಕ್ಷೆ ಮೂರು ಬಾರಿ ಬದಲಾಗಿ, ಯಾವುದು ಕೊನೆಯದು ಎಂದು ಗೊತ್ತಾಗದೆ ತಳಪಾಯ ಎರಡು ಸಲ ಅಗೆದಿರಿ. ಆಮೇಲಿನಿಂದ ಪೂಜೆಯಲ್ಲಿ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಾಕಿದ ಹಾಳೆಯೇ ಕಟ್ಟುವ ಹಾಳೆ. ನಿಮ್ಮ ಆಳುಗಳೆಲ್ಲ ಅದನ್ನು ಕಾನೂನಿನ ಹಾಗೆ ಪಾಲಿಸುತ್ತಾರೆ.

ಚಿಕ್ಕಯ್ಯನೂ ಪಾಲಿಸಿದ. ದೇವರ ಮುಂದೆ ಇದ್ದದ್ದು ಆಫೀಸ್ ಪ್ಲಾನ್. ಸುಣ್ಣದ ಪುಡಿಯಲ್ಲಿ ಗೆರೆ ಹಾಕುವಾಗ ಅವನು ಒಂದು ಸಲ ತಲೆ ಕೆರೆದುಕೊಂಡ. ‘ಅಲ್ಲಾ ಕಣಕ್ಕ, ಈ ಪಕ್ಕದಲ್ಲಿ ಮೂರಡಿ ಬುಟ್ಟವ್ರಲ್ಲ ಅಣ್ಣ, ಯಾವತ್ತೂ ಬುಟ್ಟೋರಲ್ಲ’ ಎಂದ. ಆಮೇಲೆ ಅವನೇ, ‘ಸ್ವಂತ ಮನೆ ಅಲ್ವರಾ, ಅದಕ್ಕೇ ಇರಬೌದು’ ಎಂದು ಸಮಾಧಾನ ಮಾಡಿಕೊಂಡ. ಅಗೆತ ಶುರುವಾಯಿತು. ದಿನಾ ನಿಮಗೆ ಫೋಟೋ ಕಳಿಸುತ್ತಿದ್ದ. ಫೋಟೋದಲ್ಲಿ ಕಟ್ಟಿದ ಕಲ್ಲು ಕಾಣಿಸಿತೇ ಹೊರತು ಬಿಟ್ಟ ಜಾಗ ಕಾಣಿಸಲಿಲ್ಲ.

ಸಂಕ್ರಾಂತಿಗೆ ಮೊದಲು ನೀವು ಬಂದಾಗ ತಳಪಾಯ ಪೂರ್ತಿ ಎದ್ದಿತ್ತು. ಆವತ್ತಿನ ಮಾತುಗಳನ್ನು ಪೂರ್ತಿ ಬರೆಯುವುದಿಲ್ಲ, ಇಬ್ಬರೂ ಆಡಬಾರದ್ದನ್ನು ಆಡಿದೆವು. ಚಿಕ್ಕಯ್ಯ ಅರಿಶಿನದ ಹಾಳೆ ತಂದು ತೋರಿಸಿದ. ನೀವು ಅವನ ಮೇಲೆ ಕೂಗಲಿಲ್ಲ, ನನ್ನ ಕಡೆ ತಿರುಗಿದಿರಿ. ‘ಬೇಕಂತಲೇ ಇದನ್ನ ಇಟ್ಟಿದ್ದೀಯ. ಗಂಡನ ಕೆಲಸದ ಮೇಲೆ ನಂಬಿಕೆ ಇಲ್ಲ ನಿಂಗೆ’ ಎಂದಿರಿ. ನಾನು, ‘ಹೌದು, ಇಟ್ಟೆ. ಏನೀಗ?’ ಎಂದೆ. ‘ಕೀಳ್ಸು’ ಎಂದಿರಿ. ‘ಕೀಳಲ್ಲ’ ಎಂದೆ. ‘ಊರಿಗೆಲ್ಲ ಜಾಗ ಉಳಿಸಿಕೊಟ್ಟ ಬೀರೇಶ, ತನ್ನ ಮನೇಲೇ ಒಂದು ರೂಮು ಕಳ್ಕೊಂಡ ಅಂತ ನಗ್ತಾರೆ’ ಎಂದಿರಿ. ‘ನಗಲಿ’ ಎಂದೆ. ಅತ್ತೆ ತಳಪಾಯದ ಕಲ್ಲಿನ ಮೇಲೆ ಕೂತು ಎಲೆ ಮಡಿಸುತ್ತಿದ್ದವರು ಕೈ ನಿಲ್ಲಿಸಿ ಒಮ್ಮೆ ನನ್ನ ಮುಖ, ಒಮ್ಮೆ ನಿಮ್ಮ ಮುಖ ನೋಡುತ್ತಿದ್ದರು. ‘ಈ ಮನೆ ಹೊಸ್ತಿಲು ನಾನು ತುಳಿಯಲ್ಲ’ ಎಂದು ಹೇಳಿ ಹೊರಟಿರಿ. ಆಗಿನ್ನೂ ಹೊಸ್ತಿಲೇ ಇರಲಿಲ್ಲ.

ಒಂದು ಮಾತು ಒಪ್ಪಬೇಕು. ಹೋದ ಮೇಲೆ ಚಿಕ್ಕಯ್ಯನಿಗೆ ಫೋನ್ ಮಾಡಿ, ‘ಅವಳು ಹೇಳ್ದಂಗೆ ಕಟ್ಟು, ನನ್ನ ಏನೂ ಕೇಳ್ಬೇಡ’ ಎಂದಿರಂತೆ. ಅವನನ್ನು ವಾಪಸ್ ಕರೆಸಿಕೊಳ್ಳಲಿಲ್ಲ, ಮರಳು ಸಿಮೆಂಟು ನಿಲ್ಲಿಸಲಿಲ್ಲ. ಕೋಪದಲ್ಲೂ ಕೆಲಸ ನಿಲ್ಲಿಸದ ಗಂಡಸರನ್ನು ನಾನು ಹೆಚ್ಚು ನೋಡಿಲ್ಲ.

ಹಾಗೆ ನಾನು ಮನೆ ಕಟ್ಟಿಸಲು ನಿಂತೆ. ನನಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಯಾವ ಗೆರೆ ಗೋಡೆ, ಯಾವ ಗೆರೆ ಬಾಗಿಲು, ಯಾವ ಗೆರೆ ಮೇಲಿನ ಸಜ್ಜಾ ಎಂದು ಚಿಕ್ಕಯ್ಯ ಹೇಳಿಕೊಟ್ಟ. ಆಮೇಲೆ ನನಗೆ ಹುಚ್ಚು ಹಿಡಿಯಿತು. ಸೀಲು ಹಾಕಿಸಿಕೊಂಡ ಮೇಲೆ ಅದರಲ್ಲಿರುವುದೆಲ್ಲ ಇರಬೇಕು ಎಂದು ಹಟ ಹಿಡಿದೆ. ಇಂಗುಗುಂಡಿ ತೋಡಿಸಿದೆ. ‘ಇದನ್ನ ಯಾರೂ ತೋಡ್ಸಲ್ಲ ಕಣಕ್ಕ, ಬರೀ ತೋರ್ಸೋದು’ ಎಂದ. ‘ತೋರಿಸಿದ್ದನ್ನ ತೋಡು’ ಎಂದೆ. ಮುಂದಿನ ಮೂಲೆಯಲ್ಲಿ ಒಂದು ದುಂಡನೆ ಗುರುತಿತ್ತು. ಅದೇನು ಎಂದು ಕೇಳಿದೆ. ‘ಅದು ಗಿಡ ಕಣಕ್ಕ. ಕಂಪ್ಯೂಟರಲ್ಲಿ ಅಂದಕ್ಕೆ ಆಕ್ತಾರೆ’ ಎಂದ. ಯಾವ ಗಿಡ ಎಂದೆ. ಪಾಪ, ಅವನಿಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಎರಡು ದಿನ ಯೋಚನೆ ಮಾಡಿ, ‘ಆ ಗುಂಡು ನೋಡುದ್ರೆ ಒಂಗೆ ಇದ್ದಂಗದೆ’ ಎಂದ. ಹೊಂಗೆ ಸಸಿ ತಂದು ನೆಟ್ಟೆವು. ಈಗ ನನ್ನ ಸೊಂಟದ ಎತ್ತರ ಬಂದಿದೆ.

ನಗುತ್ತಾರೆ ಎಂದಿರಲ್ಲ, ನಕ್ಕರು. ವಿಜಯ್‌ಕುಮಾರ್ ತಮ್ಮ ಮಹಡಿ ಮೇಲೆ ನಿಂತು, ‘ಏನ್ ಸುಚಿತ್ರಕ್ಕ, ಗಾಳಿಗೂ ಒಂದು ರೂಮ್ ಬಿಟ್ಟಿದ್ದೀರಾ? ಬಾಡಿಗೆ ಎಷ್ಟು?’ ಎಂದು ಕೂಗಿದರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನಕ್ಕರು. ನಾನು, ‘ಗಾಳಿ ಅಡ್ವಾನ್ಸ್ ಕೊಟ್ಟಾಗಿದೆ, ನೀವು ಬೇರೆ ನೋಡ್ಕೊಳ್ಳಿ’ ಎಂದೆ. ಅಂದದ್ದು ಅಷ್ಟೇ, ಒಳಗೆ ಬಂದು ಆ ರೂಮಿನ ಬಾಡಿಗೆ ವರ್ಷಕ್ಕೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. ನೀವು ಹೇಳಿದ್ದೇ ನಿಜವೇನೋ, ಒಂದು ರೂಮು ಸುಮ್ಮನೆ ಕಳೆದುಕೊಂಡೆವೇನೋ ಎಂದು ಅನ್ನಿಸದೇ ಇರಲಿಲ್ಲ.

ಬೇಸಿಗೆಯಲ್ಲಿ ಪೇಪರಿನಲ್ಲಿ ಬರತೊಡಗಿತು. ಕಂಪ್ಲೀಷನ್ ಸರ್ಟಿಫಿಕೇಟ್ ಇಲ್ಲದ ಹೊಸ ಕಟ್ಟಡಕ್ಕೆ ಖಾಯಂ ಕರೆಂಟ್ ಕೊಡುವುದಿಲ್ಲ ಎಂದು. ಮೊದಲ ದಿನ ಒಳಪುಟದಲ್ಲಿ ಸಣ್ಣದಾಗಿ ಬಂತು. ಆಮೇಲೆ ಮುಖಪುಟಕ್ಕೆ ಬಂತು. ನಾನು ಕತ್ತರಿಸಿ ಇಟ್ಟುಕೊಂಡೆ. ನೀವು ಅಲ್ಲಿ ಮಂಟಪದ ಕೆಲಸದಲ್ಲಿದ್ದಿರಿ, ನಿಮಗೆ ಇದರ ಬಿಸಿ ಎಷ್ಟು ತಟ್ಟಿತೋ ಗೊತ್ತಿಲ್ಲ. ಇಲ್ಲಿ ನಮ್ಮ ಬೀದಿಯಲ್ಲಿ ಗೃಹಪ್ರವೇಶ ಮುಗಿಸಿದವರೂ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಕರೆಂಟಿನಲ್ಲೇ ಕೂತಿದ್ದಾರೆ. ವಿಜಯ್‌ಕುಮಾರ್ ಅವರು ಹೊಸದಾಗಿ ಎಬ್ಬಿಸಿದ ಮಹಡಿಗೆ ಮೀಟರ್ ಬಂದಿಲ್ಲ. ಬಾಡಿಗೆಗೆ ಬರುವವರು ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಾರೆ. ಅವರ ಕಷ್ಟ ನೋಡಿ ನನಗೆ ಖುಷಿಯಾಗಲಿಲ್ಲ ಎಂದು ಬರೆಯಬೇಕು. ಸ್ವಲ್ಪ ಆಯಿತು.

ಜುಲೈ ಕೊನೆಗೆ ಪರಿಶೀಲನೆ ಬಂತು. ನಮ್ಮ ವಲಯ ಕಚೇರಿಗೆ ಹೊಸದಾಗಿ ಬಂದ ಎಂಜಿನಿಯರ್, ಗಾರ್ಗಿ ಎಂದು ಹೆಸರು. ಸ್ಕೂಟರಿನಲ್ಲಿ ಬಂದರು. ನಮ್ಮ ಸುಷ್ಮಿತಾಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮುಖ ನೋಡಿದರೆ ನಗುವವರ ಹಾಗೆ ಕಾಣಲಿಲ್ಲ. ಬಂದವರೇ, ‘ಮಂಜೂರಾದ ನಕ್ಷೆ ಕೊಡಿ. ಒರಿಜಿನಲ್ ಇರಬೇಕು’ ಎಂದರು. ಕೊಟ್ಟೆ. ಬಿಡಿಸಿ ನೋಡಿ, ‘ಇದೇನಮ್ಮಾ, ಇದರ ಮೇಲೆ ಅರಿಶಿನ?’ ಎಂದರು. ‘ಪೂಜೆಗೆ ಇಟ್ಟಿದ್ವಿ ಮೇಡಂ’ ಎಂದೆ. ‘ಇದನ್ನಾ? ಸಾಮಾನ್ಯವಾಗಿ ಬೇರೇದು ಇಡ್ತಾರಲ್ಲ’ ಎಂದರು. ಅವರಿಗೂ ಗೊತ್ತು ನೋಡಿ!

ಟೇಪು ಹಿಡಿದರು. ಮುಂದೆ ಅಳೆದರು, ಹಿಂದೆ ಅಳೆದರು. ಪಕ್ಕದ ಸಂದಿಗೆ ಹೋಗಿ ಅಳೆದು, ಹೊರಗೆ ಬಂದು ನಕ್ಷೆ ನೋಡಿ, ಮತ್ತೆ ಒಳಗೆ ಹೋಗಿ ಅಳೆದರು. ಚಿಕ್ಕಯ್ಯ ದೂರದಲ್ಲಿ ಕೈಕಟ್ಟಿಕೊಂಡು ಪರೀಕ್ಷೆಗೆ ನಿಂತ ಹುಡುಗನ ಹಾಗೆ ನಿಂತಿದ್ದ. ಮೇಡಂ ಏನೋ ಹುಡುಕುತ್ತಿದ್ದರು. ತಪ್ಪು ಎಲ್ಲೋ ಇರಲೇಬೇಕು, ತಮಗೆ ಕಾಣುತ್ತಿಲ್ಲ ಅಷ್ಟೇ ಎನ್ನುವ ಹಾಗಿತ್ತು ಅವರ ನೋಟ. ಇಂಗುಗುಂಡಿಯ ಮುಚ್ಚಳ ತೆಗೆಸಿ ಬಗ್ಗಿ ನೋಡಿದರು, ನಿಜವಾಗಲೂ ಗುಂಡಿಯೇ ಹೌದಾ ಎಂದು. ಮುಂದಿನ ಮೂಲೆಗೆ ಬಂದು ಹೊಂಗೆ ಸಸಿ ನೋಡಿದರು. ಹಾಳೆ ನೋಡಿದರು. ಮತ್ತೆ ಸಸಿ ನೋಡಿದರು. ‘ಗಿಡಾನೂ ಹಾಕಿದ್ದೀರಾ?’ ಎಂದು ಕೇಳಿ ಆ ಗಂಭೀರ ಹೆಣ್ಣುಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಚಿಕ್ಕಯ್ಯ, ‘ನಕ್ಷೇಲಿತ್ತು ಮೇಡಂ’ ಎಂದು ಎದೆಯುಬ್ಬಿಸಿ ಹೇಳಿದ. ಯಾವ ಗಿಡ ಎಂದು ನಿರ್ಧಾರ ಮಾಡಿದ್ದು ತಾನು ಎಂಬುದನ್ನೂ ಸೇರಿಸಿದ.

ಒಂದು ತಪ್ಪು ಸಿಕ್ಕಿತು. ಅದನ್ನು ಮುಚ್ಚಿಡುವುದಿಲ್ಲ. ಬಾಗಿಲ ಮುಂದಿನ ಕೊನೆಯ ಮೆಟ್ಟಿಲು ನಮ್ಮ ಗಡಿ ದಾಟಿ ಚರಂಡಿಯ ಮೇಲೆ ಕೂತಿತ್ತು. ಎಲ್ಲರ ಮನೆಯ ಮೆಟ್ಟಿಲೂ ಚರಂಡಿ ಮೇಲೇ ಇರುವುದರಿಂದ ನಮಗೆ ಅದು ತಪ್ಪು ಎಂದೇ ತೋಚಿರಲಿಲ್ಲ. ‘ಇದು ತೆಗೀಬೇಕು, ಇಲ್ಲದಿದ್ರೆ ಆಗಲ್ಲ’ ಎಂದರು ಮೇಡಂ. ಮತ್ತೆ ನಗುವಿಲ್ಲದ ಮುಖ. ಚಿಕ್ಕಯ್ಯ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವರು ಹೆಲ್ಮೆಟ್ ಹಾಕಿಕೊಳ್ಳುವುದರೊಳಗೆ ಅವನು ಸುತ್ತಿಗೆ ತಂದು ಮೊದಲ ಏಟು ಹಾಕಿದ. ಮೇಡಂ ಸ್ಕೂಟರ್ ಆಫ್ ಮಾಡಿ ಇಳಿದು ಬಂದರು. ಮೆಟ್ಟಿಲು ಪೂರ್ತಿ ಹೋಗುವ ತನಕ ನಿಂತು, ಫೋಟೋ ತೆಗೆದುಕೊಂಡರು. ಹೋಗುವ ಮೊದಲು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ. ‘ಈ ವಲಯಕ್ಕೆ ಬಂದಮೇಲೆ ನಕ್ಷೆಯಲ್ಲಿ ಇದ್ದ ಹಾಗೇ ಇರೋ ಮನೆ ನಾನು ನೋಡಿದ್ದು ಇದೊಂದೇ. ಕಂಟ್ರಾಕ್ಟರ್ ಯಾರು?’

ಕಟ್ಟಿಸಿದವಳು ನಾನು ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು, ಹೇಳುವ ಆಸೆಯೂ ಇತ್ತು. ಆದರೆ ಗೋಡೆಗೆ ತೂಗುಗುಂಡು ಹಿಡಿದು ನೋಡಿದರೆ ನೂಲಿನಷ್ಟೂ ವಾಲಿಲ್ಲ. ಮೂಲೆಗಳು ಮೂಲೆಗಳ ಹಾಗೆ ಇವೆ. ಚಿಕ್ಕಯ್ಯನಿಗೆ ಆ ಕೈ ಕಲಿಸಿದವರು ಯಾರು? ನಾನು ನಿಂತು ನೋಡಿದೆ, ಕೈ ನಿಮ್ಮದು. ‘ಬೀರೇಶ್ ಅಂತ, ನಮ್ಮ ಯಜಮಾನರು’ ಎಂದೆ. ಬರೆದುಕೊಂಡರು.

ಇದರಿಂದ ಆದ ಫಲ ಕೇಳಿ. ನಿನ್ನೆ ಭಾನುವಾರ ಚಾಮರಾಜಪುರಂನಿಂದ ಅಲಮೇಲು ಎನ್ನುವವರು, ನಾವು ಹೊಸ ಮನೆಯಲ್ಲಿದ್ದಾಗ, ಆಟೋದಲ್ಲಿ ಬಂದಿದ್ದರು. ನಿವೃತ್ತ ಟೀಚರ್, ಪಾಲಿಕೆ ಕಚೇರಿಯಲ್ಲಿ ನಿಮ್ಮ ಹೆಸರು ಕೇಳಿ ಬಂದವರು. ಗೇಟಿನ ಹೊರಗೆ ನಿಂತು, ‘ಒಂದೇ ಪ್ಲಾನಿನ ಬೀರೇಶ್ ಅವರ ಮನೆ ಇದೇನಾ?’ ಎಂದು ಕೇಳಿದರು. ಎರಡು ಸಲ ಕೇಳಿಸಿಕೊಂಡೆ. ಅವರಿಗೆ ಹಳೆಯ ಮನೆ ತೆಗೆದು ಚಿಕ್ಕ ಮನೆ ಕಟ್ಟಬೇಕಂತೆ. ಅಳತೆ ಮೀರದ ಹಾಗೆ ಕಟ್ಟುವವರು ಬೇಕಂತೆ. ಸಿಕ್ಕವರೆಲ್ಲ ‘ಅದೆಲ್ಲ ನಾವು ನೋಡ್ಕೋತೀವಿ ಮೇಡಂ’ ಎನ್ನುತ್ತಾರಂತೆ, ಹಾಗೆಂದವರ ಮೇಲೆ ಅವರಿಗೆ ನಂಬಿಕೆ ಇಲ್ಲ. ಮನೆಯೊಳಗೆಲ್ಲ ಓಡಾಡಿ ನೋಡಿದರು. ಅತ್ತೆ ತಮ್ಮ ಕೋಣೆ ತೋರಿಸಿದರು. ಹಿಂದಿನ ಬೀದಿಯಿಂದಲೂ ಒಬ್ಬರು ಕೇಳಿದ್ದಾರೆ. ಇಬ್ಬರಿಗೂ ‘ಯಜಮಾನರು ಕೊಳ್ಳೇಗಾಲದಲ್ಲಿದ್ದಾರೆ, ಬಂದಮೇಲೆ ಹೇಳ್ತೀನಿ’ ಎಂದಿದ್ದೇನೆ. ಬಂದಮೇಲೆ ಎನ್ನುವ ಮಾತು ಬಾಯಿಂದ ಬಂದುಬಿಟ್ಟಿತು. ಅದಕ್ಕೆ ನಿಮ್ಮನ್ನು ಕಟ್ಟಿಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ.

ವಿಜಯ್‌ಕುಮಾರ್ ಕೂಡ ಈ ಬಾಡಿಗೆ ಮನೆಗೆ ಬಂದಿದ್ದರು. ಈ ಸಲ ಮಹಡಿ ಮೇಲಿಂದ ಕೂಗಲಿಲ್ಲ, ಚಪ್ಪಲಿ ಬಿಟ್ಟು ಒಳಗೆ ಬಂದು ಕಾಫಿ ಕುಡಿದರು. ‘ಅಕ್ಕ, ಬೀರೇಶಣ್ಣ ಬಂದಾಗ ಒಂದ್ಮಾತು ಕೇಳಿ. ನಮ್ದು ಎಲ್ಲೆಲ್ಲಿ ಎಷ್ಟೆಷ್ಟು ಕೊಯ್ದ್ರೆ ಸರಿ ಆಗ್ತದೆ ಅಂತ’ ಎಂದರು. ಕಟ್ಟಿದವರೇ ಕೊಯ್ಯಬೇಕಲ್ಲವೇ ಎಂದು ನಾನು ಹೇಳಲಿಲ್ಲ. ಕಾಫಿ ಇನ್ನೊಂದು ಲೋಟ ಕೊಟ್ಟೆ.

ಗೃಹಪ್ರವೇಶ ಇದೇ ಇಪ್ಪತ್ತನೇ ತಾರೀಕು ಬುಧವಾರ ಬೆಳಿಗ್ಗೆ. ಕಾರ್ಡ್ ಅಚ್ಚಾಗಿದೆ, ಒಂದು ಇದರೊಳಗೆ ಇದೆ. ಕರೆಯುವವರ ಜಾಗದಲ್ಲಿ ಮೊದಲು ಅತ್ತೆಯ ಹೆಸರು, ಶ್ರೀಮತಿ ಬೀರಮ್ಮ ಎಂದು, ಆಮೇಲೆ ನಿಮ್ಮ ಹೆಸರು, ಆಮೇಲೆ ನನ್ನದು. ನಿಮ್ಮನ್ನು ಕೇಳದೆ ಹಾಕಿಸಿದ್ದಕ್ಕೆ ಬೇಕಾದರೆ ಬೈಯಿರಿ. ನಿಮ್ಮ ಹೆಸರು ಬಿಟ್ಟು ಈ ಮನೆಯ ಕಾರ್ಡ್ ಹೇಗೆ ಬರೆಯುವುದು ಎಂದು ನನಗೆ ಗೊತ್ತಾಗಲಿಲ್ಲ.

ಬನ್ನಿ ಎಂದು ಬರೆಯುವುದಿಲ್ಲ. ನಿಮ್ಮ ಮಾತು ನಿಮಗೆ, ಹೊಸ್ತಿಲು ತುಳಿಯುವುದಿಲ್ಲ ಎಂದವರು ನೀವು. ನಾನು ಮನೆ ಕಟ್ಟಿ ಮುಗಿಸಿದ್ದೇನೆ, ಒಂದು ಅಡಿಯೂ ಸುಳ್ಳಿಲ್ಲದ ಮನೆ. ಅದನ್ನು ನಿಮಗೆ ತಿಳಿಸಬೇಕಿತ್ತು, ತಿಳಿಸಿದೆ. ಮಂಟಪದ ಕೆಲಸ ಚೆನ್ನಾಗಿ ಸಾಗಲಿ. ಬಿಸಿಲಿನಲ್ಲಿ ನಿಂತಾಗ ತಲೆಗೆ ಟವೆಲ್ ಸುತ್ತಿಕೊಳ್ಳಿ.

ಇಂತಿ,
ಸುಚಿತ್ರಾ

ತಾ.ಕ.: ಮುಗಿಸಿದ ಮೇಲೆ ಅತ್ತೆ, ‘ಓದು, ಏನ್ ಬರ್ದೆ ಕೇಳಾನ’ ಎಂದರು. ಪೂರ್ತಿ ಓದಿದೆ. ಹೆಸರು ಹಿಡಿದು ಬರೆದದ್ದಕ್ಕೆ ಬೈಯಲಿಲ್ಲ. ‘ಎಲ್ಲಾ ಸರಿ. ಒಂದು ಬುಟ್ಟಿದ್ದೀಯ’ ಎಂದರು. ಏನು ಎಂದು ಕೇಳಲಿಲ್ಲ, ನನಗೆ ಗೊತ್ತಿತ್ತು. ‘ಇದನ್ನ ನಾನ್ ಏಳ್ದಂಗೇ ಬರಿ’ ಎಂದು ಕೂತಿದ್ದಾರೆ, ಬರೆಯುತ್ತಿದ್ದೇನೆ.

ಪೂಜೆಯ ದಿನ ದೇವರ ಮುಂದೆ ಆ ಹಾಳೆ ಇಟ್ಟಿದ್ದು ನಾನಲ್ಲ, ಅವರು. ಗುದ್ದಲಿ ಹಾಕಿದ ಮೇಲೆ ನೀವು ಆಚೆ ಪುರೋಹಿತರ ಜೊತೆ ಮಾತಾಡುತ್ತಿದ್ದಾಗ, ನೀವು ಇಟ್ಟಿದ್ದ ಹಾಳೆ ತೆಗೆದು ಸುತ್ತಿ ಪಕ್ಕಕ್ಕಿಟ್ಟು, ಸೀಲಿನ ಹಾಳೆ ಬಿಡಿಸಿ ಇಟ್ಟು, ಅರಿಶಿನ ಕುಂಕುಮ ತಾವೇ ಹಾಕಿದರು. ಕೈ ತಪ್ಪಿ ಅಲ್ಲ, ಬೇಕಂತಲೇ. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಎದುರಿಗೇ ನಿಂತಿದ್ದೆ. ನನ್ನನ್ನು ನೋಡಿದರು, ನಾನು ಸುಮ್ಮನಾದೆ. ನೀವು ಕೂಗಾಡಿದ ದಿನ ಅವರು ಬಾಯಿ ತೆರೆಯುವ ಮೊದಲೇ ನಾನು ‘ಹೌದು, ಇಟ್ಟೆ’ ಎಂದುಬಿಟ್ಟೆ. ಇಷ್ಟು ವರ್ಷದಲ್ಲಿ ನೀವು ಅವ್ವನ ಮೇಲೆ ದನಿ ಎತ್ತಿದ್ದನ್ನು ನಾನು ನೋಡಿಲ್ಲ. ಆವತ್ತು ನೋಡಲು ಇಷ್ಟವಿರಲಿಲ್ಲ.

ಕೊನೆಯದು ಅವರ ಮಾತು. ‘ಮದ್ಯಾನದಲ್ಲಿ ಕಿಟಕೀಲಿ ಬಿಸ್ಲು ಬತ್ತದೆ ಕಣೋ. ಗೇಟ್‌ಗೆ ಯಾರ್ ಬಂದ್ರೂ ಅಲ್ಲಿಂದ್ಲೇ ಕಾಣ್ತದೆ. ಹೊಸ್ಲು ತುಳಿಯಲ್ಲ ಅಂದಿದ್ರೆ ತುಳೀಬ್ಯಾಡ. ಪಕ್ಕದಲ್ಲಿ ಮೂರಡಿ ಜಾಗ ಅದೆ, ಅಂಗೇ ಬಂದು ಕಿಟಕಿ ತಾವ ನಿಂತ್ಕೋ. ಎಲೆ ಅಡ್ಕೆ ಕೊಡ್ತೀನಿ. ಆಮ್ಯಾಕೆ ನಿಂಗೆ ಎಂಗ್ ಬೇಕೋ ಅಂಗ್ ಮಾಡು.’